ತಪ್ಪು ಕೈಯದೋ, ಪಿಸ್ತೂಲಿನದೋ: ಪುಣೆಯ ಒಂದು ‘ಫಸ್ಟ್ ಕಾಪಿ’ ಏರ್ ಪಿಸ್ತೂಲಿನ ಪ್ರಕರಣ

ಈ ಪ್ರಕರಣ 10 ಮೀಟರ್ ಏರ್ ಪಿಸ್ತೂಲ್, ಅಂದರೆ ಗಾಳಿಯ ಒತ್ತಡದಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವ ಆಟ, ಕಲಿಯುತ್ತಿದ್ದ 15 ವರ್ಷದ ಒಬ್ಬ ಹುಡುಗಿಯದು. ಹೆಸರು, ಕ್ಲಬ್ಬು, ಮಾರಿದವರ ಗುರುತು ಎಲ್ಲವನ್ನೂ ಮರೆಮಾಡಿದೆ. ಕೊಂಡದ್ದು ಯುರೋಪಿನ ಹೆಸರಾಂತ ಮ್ಯಾಚ್ (ಸ್ಪರ್ಧೆಯ) ಪಿಸ್ತೂಲೊಂದರ ತದ್ರೂಪು, ಮಾರುವವನ ಮಾತಿನಲ್ಲಿ ‘ಫಸ್ಟ್ ಕಾಪಿ’. ಬೆಲೆ 32,000 ರೂಪಾಯಿ. ಅಸಲಿ ಹೊಸದಕ್ಕೆ ಆಗ ಹೇಳಿದ ದರ 1,85,000.

ಹಿನ್ನೆಲೆ

ಕುಟುಂಬ ವಿಜಯಪುರ ಕಡೆಯದು, ನೆಲೆಸಿ ಹದಿನೆಂಟು ವರ್ಷವಾಗಿರುವುದು ಚಿಂಚವಡದಲ್ಲಿ. ತಂದೆಗೆ ಚಾಕಣದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ. ಮಗಳು ಜೂನ್‌ನಲ್ಲಿ ಕ್ಲಬ್ ಸೇರಿ, ಕ್ಲಬ್ಬಿನದೇ ಪಿಸ್ತೂಲಿನಲ್ಲಿ ಕಲಿಯತೊಡಗಿದಳು. ಐದನೇ ತಿಂಗಳಿಗೆ 60 ಗುಂಡಿನ ಸರಾಸರಿ 600ಕ್ಕೆ 538 ಬರುತ್ತಿತ್ತು. ಹೊಸಬರಿಗೆ ಅದು ಒಳ್ಳೆಯ ಅಂಕ.

ತೊಡಕು ಇದ್ದದ್ದು ಬೇರೆ ಕಡೆ. ಕ್ಲಬ್ಬಿನ ಎರಡು ಪಿಸ್ತೂಲಿಗೆ ಒಂಬತ್ತು ಮಕ್ಕಳು, ಒಬ್ಬೊಬ್ಬರಿಗೆ ದಿನಕ್ಕೆ 50 ನಿಮಿಷ. ಗ್ರಿಪ್ ಮೀಡಿಯಂ ಸೈಜಿನದು, ಈಕೆಯ ಅಂಗೈ ಸಣ್ಣದು. ಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ಈಕೆಗೆ ತುದಿಯಷ್ಟೇ ತಾಕುತ್ತಿತ್ತು, ಎಳೆದಾಗ ಮೂತಿ ಎಡಕ್ಕೆ ಜರುಗುತ್ತಿತ್ತು. ಸ್ವಂತದ್ದೊಂದು ಬೇಕು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆ ಬಯಕೆ ತಪ್ಪಾಗಿರಲಿಲ್ಲ.

ಕ್ಲಬ್ಬಿನ ಪಿಸ್ತೂಲುಗಳನ್ನು ನೋಡಿಕೊಳ್ಳುವ ಮಿಸ್ತ್ರಿ ನಿಪ್ಪಾಣಿಯವರು. ಅವರು ಆಗಲೇ ಒಂದು ಮಾತು ಹೇಳಿದ್ದರು: “ಪಿಸ್ತೂಲ್ ಬಿಡ್ರಿ, ಸಣ್ಣ ಸೈಜಿನ ಗ್ರಿಪ್ ಒಂದ ತಗೊಳ್ರಿ. ಒಂದ ಅಲೆನ್ ಸ್ಕ್ರೂ ಐತಿ. ಬಂದಾಗ ಹಾಕ್ಕೊಳ್ಳಲಿ, ಹೋಗುವಾಗ ಬಿಚ್ಚಿಕೊಂಡ ಹೋಗಲಿ.” ಹೆಚ್ಚಿನ ಮ್ಯಾಚ್ ಪಿಸ್ತೂಲುಗಳಲ್ಲಿ ಗ್ರಿಪ್ ನಿಂತಿರುವುದು ಒಂದೇ ಸ್ಕ್ರೂನ ಮೇಲೆ, ಹಾಗಾಗಿ ಇದು ಐದು ನಿಮಿಷದ ಕೆಲಸ. ವಾಲ್‌ನಟ್ ಕಟ್ಟಿಗೆಯ ಗ್ರಿಪ್ಪಿಗೆ ಸುಮಾರು 10,000 ಆಗುತ್ತಿತ್ತು. ಬರೀ ಹಿಡಿಕೆಗೆ ಹತ್ತು ಸಾವಿರವೇ ಎಂದು ಮನೆಯಲ್ಲಿ ನಕ್ಕರು. ಇಡೀ ಪ್ರಕರಣದಲ್ಲಿ ಕೈಬಿಟ್ಟ ಅತ್ಯಂತ ಅಗ್ಗದ ದಾರಿ ಇದೇ ಆಗಿತ್ತು.

ದೀಪಾವಳಿ ಬೋನಸ್ ಬಂತು. ತಂದೆ ಎರಡು ಫೋಟೋ ಪಕ್ಕಪಕ್ಕ ಇಟ್ಟು ಮಿಸ್ತ್ರಿಯವರಿಗೆ ತೋರಿಸಿದರು. “ಎರಡೂ ಒಂದ ಥರಾನ ಕಾಣ್ತಾವಲ್ರೀ. ಮ್ಯಾಲಿನ ಒಂದೂವರೆ ಲಕ್ಷ ಯಾತಕ್ಕ ಕೊಡಬೇಕ್ರಿ? ಸಣ್ಣಪುಟ್ಟ ಏನರ ಇದ್ರ ನಾನ ಲೇಥ್‌ನ್ಯಾಗ ಸರಿ ಮಾಡ್ಕೋತೀನಿ.” ಆ ಮಾತಿನಲ್ಲಿ ಜಂಬವಿರಲಿಲ್ಲ. ಮೈಕ್ರಾನ್ ಲೆಕ್ಕದ ಕೆಲಸ ಅವರ ಕೈಗೆ ರೂಢಿಯೇ. ಅವರಿಗೆ ಗೊತ್ತಿಲ್ಲದ್ದು, ಯಾವ ಅಳತೆ ಮುಖ್ಯ ಎಂಬುದಷ್ಟೇ.

ಕಾನೂನಿನ ಮಾತು ಇಲ್ಲೇ ಮುಗಿಸುವುದು ಒಳ್ಳೆಯದು. 4.5 ಮಿ.ಮೀ., ಅಂದರೆ 0.177 ಇಂಚಿನ ನಳಿಗೆಯಿದ್ದು 20 ಜೂಲ್‌ಗಿಂತ ಕಡಿಮೆ ಶಕ್ತಿಯಿರುವ ಏರ್ ಪಿಸ್ತೂಲಿಗೆ ನಮ್ಮಲ್ಲಿ ಆಯುಧ ಪರವಾನಗಿ ಬೇಡ. 0.53 ಗ್ರಾಂ ತೂಕದ ಪೆಲೆಟ್ (ಸೀಸದ ಸಣ್ಣ ಗುಂಡು) ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 6 ಜೂಲ್ ಆಗುತ್ತದೆ. ಹಾಗಾಗಿ ಮ್ಯಾಚ್ ಪಿಸ್ತೂಲುಗಳು ಈ ಮಿತಿಗಿಂತ ಬಹಳ ಕೆಳಗೇ ಇವೆ. ಆದರೆ ಪರವಾನಗಿ ಬೇಡವೆಂದರೆ ರಸೀದಿಯೂ ಬೇಡ ಎಂದಲ್ಲ. ಈ ಕಾಪಿಗೆ ಸಿಕ್ಕಿದ್ದು ಕೈಬರಹದ ಚೀಟಿ. ಅದರಲ್ಲಿ ಸೀರಿಯಲ್ ನಂಬರ್ ಇರಲಿಲ್ಲ, ಪಿಸ್ತೂಲಿನ ಮೇಲಿದ್ದ ನಂಬರನ್ನು ಕೆತ್ತಿದ್ದು ಯಾರೆಂದೂ ತಿಳಿಯುತ್ತಿರಲಿಲ್ಲ.

ಮೊದಲ ದಿನದ ಸೂಚನೆ

ಪಿಸ್ತೂಲ್ ಬಂದ ದಿನವೇ ಕ್ಲಬ್ಬಿನಲ್ಲಿ ಗಾಳಿ ತುಂಬುವಾತ ಅದರ ಗಾಳಿ ಸಿಲಿಂಡರನ್ನು ತುಂಬದೆ ಹಿಂದಕ್ಕೆ ಕೊಟ್ಟ. ಮೇಲೆ ‘200 ಬಾರ್’ ಎಂದಷ್ಟೇ ಬರೆದಿತ್ತು, ತಯಾರಾದ ತಿಂಗಳು-ವರ್ಷ ಇರಲಿಲ್ಲ. ಹೆಸರಾಂತ ತಯಾರಕರು ಸಿಲಿಂಡರಿನ ಮೇಲೆ ತಾರೀಖು ಒತ್ತಿರುತ್ತಾರೆ, ಅಲ್ಲಿಂದ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅದರ ಆಯುಷ್ಯ ಮುಗಿಯಿತು ಎನ್ನುತ್ತಾರೆ. 200 ಬಾರ್ ಎಂದರೆ ಕಾರಿನ ಟೈರಿನ ಒತ್ತಡದ ಸುಮಾರು 90 ಪಟ್ಟು. ಅಂಥದ್ದನ್ನು ಮುಖದಿಂದ ಒಂದು ತೋಳಿನ ದೂರದಲ್ಲಿ ಹಿಡಿದು ಗುರಿ ಇಡುವ ಆಟ ಇದು.

ಇಲ್ಲೇ ನಿಂತಿದ್ದರೆ ನಷ್ಟ 32,000ಕ್ಕೆ ಮುಗಿಯುತ್ತಿತ್ತು. ತಂದೆ 8,500 ಕೊಟ್ಟು ಕೈಪಂಪು ತಂದರು. ಕೈಪಂಪು ಕೆಟ್ಟದ್ದಲ್ಲ, ಅದರ ತೊಂದರೆ ತೇವ. ಗಾಳಿಯನ್ನು ಅದುಮಿದಷ್ಟೂ ಒಳಗೆ ನೀರು ಕೂರುತ್ತದೆ. 40-50 ಒತ್ತಿಗೊಮ್ಮೆ ಬ್ಲೀಡ್ ಸ್ಕ್ರೂ ತೆರೆದು ತೇವ ಹೊರಬಿಡಬೇಕು, ಹತ್ತು ನಿಮಿಷ ಆರಲು ಬಿಡಬೇಕು. ಸೀಲಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಹೊಲಿಗೆ ಯಂತ್ರದ ಎಣ್ಣೆಯಾಗಲಿ ಎಂಜಿನ್ ಆಯಿಲ್ ಆಗಲಿ ಹಾಕಿದರೆ, ಅಷ್ಟು ಒತ್ತಡದಲ್ಲಿ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನ ಒಳಗಿನಂತೆ ತಾನಾಗಿ ಹೊತ್ತಿಕೊಳ್ಳಬಹುದು. ಆದರೆ ತಾರೀಖಿಲ್ಲದ ಸಿಲಿಂಡರಿನ ಪ್ರಶ್ನೆಯನ್ನು ಕೈಪಂಪು ಬಗೆಹರಿಸಲಿಲ್ಲ. ಆ ಪ್ರಶ್ನೆ ಕೇಳುವವನನ್ನು ತಪ್ಪಿಸಿತು, ಅಷ್ಟೆ.

ಅಂಕ ಇಳಿದಾಗ

ಎರಡೇ ವಾರದಲ್ಲಿ ಸರಾಸರಿ 538ರಿಂದ 511ಕ್ಕೆ ಇಳಿಯಿತು. ಹೊಸ ಪಿಸ್ತೂಲ್, ಕೈಗೆ ಹೊಂದಲು ಸಮಯ ಬೇಕು ಎಂದರು ಎಲ್ಲರೂ. ತಿಂಗಳಾದರೂ ಏರಲಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ಹಾನಿ ಮಾಡಿದ ನಿರ್ಧಾರ ಬಂದದ್ದು ಆಗ, ಮತ್ತದು ಕೋಚ್ ಕಡೆಯಿಂದ ಬಂತು. ಅವರು ಹುಡುಗಿಯನ್ನು ತಿದ್ದಲು ಹೊರಟರು. ಮೊದಲು ಕಾಲಿನ ಅಂತರ ಬದಲಾಯಿತು, ಆಮೇಲೆ ಭುಜದ ಕೋನ, ಆಮೇಲೆ ಉಸಿರು ಹಿಡಿಯುವ ಹೊತ್ತು. ಆರು ವಾರದಲ್ಲಿ ಮೂರು ಬದಲಾವಣೆ. ಒಂದೊಂದಕ್ಕೂ ಎರಡು ದಿನ ಅಂಕ ಏರಿದಂತೆ ಕಂಡು ಮತ್ತೆ ಬೀಳುತ್ತಿತ್ತು. ಹುಡುಗಿ ಟ್ರಿಗರ್ ಬಿಡುವ ಮುನ್ನವೇ ಕಣ್ಣು ಪಿಳುಕಿಸತೊಡಗಿದಳು. ಏಟು ಎಲ್ಲಿ ಬೀಳುವುದೋ ಎಂಬ ಅಳುಕು ಕೈಯಲ್ಲಿ ಕೂತರೆ ಬಿಡಿಸುವುದು ಕಷ್ಟ.

ಜನವರಿಯ ಅಂತರ-ಕ್ಲಬ್ ಸ್ಪರ್ಧೆಯಲ್ಲಿ ಸಲಕರಣೆ ತಪಾಸಣೆಯಲ್ಲೇ ಪಿಸ್ತೂಲ್ ಸಿಕ್ಕಿಬಿತ್ತು. 10 ಮೀಟರ್ ಏರ್ ಪಿಸ್ತೂಲಿಗೆ ನಿಯಮಗಳು ಬಿಗಿ: ಒಟ್ಟು ತೂಕ 1,500 ಗ್ರಾಂ ಮೀರಬಾರದು, 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು, ಟ್ರಿಗರ್ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು. ಗಾಳಿ ತುಂಬಿ, ಕಾಕ್ ಮಾಡಿ (ಏಟಿಗೆ ಸಜ್ಜು ಮಾಡಿ), ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು 500 ಗ್ರಾಂ ತೂಕವನ್ನು ಟ್ರಿಗರಿನಿಂದ ಎತ್ತಬೇಕು. ಮೂರು ಅವಕಾಶ. ಕಾಪಿ ಮೂರರಲ್ಲೂ ತೂಕ ಎತ್ತುವ ಮೊದಲೇ ಬಿಟ್ಟುಕೊಟ್ಟಿತು. ಸ್ಕ್ರೂ ಬಿಗಿ ಮಾಡಿ ಮತ್ತೆ ತೋರಿಸಿದ ಮೇಲೆ ಪಾಸಾಯಿತು, ಆದರೆ ಟ್ರಿಗರಿನ ಎರಡನೇ ಹಂತ, ಏಟು ಬಿಡಿಸುವ ಕೊನೆಯ ಎಳೆತ, ಮರಳು ಸೇರಿದಂತೆ ಗರಗರ ಎನ್ನುತ್ತಿತ್ತು. ಅಂಕ 498. ಸ್ಪರ್ಧೆ ಮುಗಿದ ಮೇಲಿನ ತಪಾಸಣೆಗೆ ಈಕೆಯ ಹೆಸರು ಬರಲಿಲ್ಲ. ಬಂದು ಅಲ್ಲಿ ತೂಕ ಎತ್ತದಿದ್ದರೆ ನೇರ ಅನರ್ಹತೆ.

ತಿರುವು: ‘ಕಾಲ್’ ಪುಸ್ತಕ

ಸ್ಪರ್ಧೆ ಮುಗಿದ ವಾರ ಹುಡುಗಿ ಮಿಸ್ತ್ರಿಯವರ ಹತ್ತಿರ ಬಂದು ಹೇಳಿದ್ದು ಇಷ್ಟು: “ಕಾಕಾ, ನಾ ಹತ್ತ ಅಂತ ಅನ್ಕೊಂಡಿದ್ದು ಎಂಟಕ್ಕ ಬೀಳ್ತೈತ್ರಿ. ಕೆಟ್ಟ ಏಟು ಅನ್ಕೊಂಡಿದ್ದು ಒಮ್ಮೊಮ್ಮೆ ಹತ್ತಕ್ಕ ಬೀಳ್ತೈತಿ.” ಅದುವರೆಗೆ ಎಲ್ಲರೂ ಮೊದಲ ಸಾಲಿನಂಥದ್ದನ್ನೇ ಕೇಳಿದ್ದರು. ರೋಗ ಹೇಳಿದ್ದು ಎರಡನೆಯ ಸಾಲು.

ಪಿಸ್ತೂಲ್ ಆಟಗಾರರಿಗೆ ‘ಕಾಲ್’ ಮಾಡುವುದು ಮೂಲ ಪಾಠ. ಏಟು ಬಿಟ್ಟ ಕ್ಷಣ ಸೈಟ್ (ಗುರಿ ನೋಡುವ ಪಟ್ಟಿ) ಎಲ್ಲಿತ್ತೋ ಅದನ್ನು ನೋಡಿ, ಮಾನಿಟರ್ ನೋಡುವ ಮೊದಲೇ ‘ಒಂಬತ್ತು, ಎಡ ಕೆಳಗೆ’ ಎಂದು ಹೇಳಬೇಕು. ಹೇಳಿದ್ದೂ ಬಿದ್ದದ್ದೂ ತಾಳೆಯಾದರೆ ತಪ್ಪು ಕೈಯದು, ತಿದ್ದಬಹುದು. ತಾಳೆಯಾಗದಿದ್ದರೆ ತಿದ್ದಬೇಕಾದ್ದು ಬೇರೆಯೇ ಇದೆ. ಮಿಸ್ತ್ರಿ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಕೊಟ್ಟರು. ಹೇಳಿದ್ದು ಒಂದರಲ್ಲಿ, ಬಿದ್ದದ್ದು ಇನ್ನೊಂದರಲ್ಲಿ. ಗುರಿಹಲಗೆಯ ಒಂದು ರಿಂಗ್ (ವೃತ್ತ) ಒಳಗೆ, ಅದೇ ದಿಕ್ಕಿಗೆ ಬಿದ್ದರೆ ಟಿಕ್.

ಒಂದೇ ಸಂಜೆ, ಒಂದೇ ಕೈ. ಕ್ಲಬ್ಬಿನ ಪಿಸ್ತೂಲಿನಲ್ಲಿ 40ಕ್ಕೆ 31 ಟಿಕ್, ಕಾಪಿಯಲ್ಲಿ 14.

ಕೋಚ್ ಆ ಪುಟ ನೋಡಿ ಹೆಚ್ಚು ಮಾತಾಡಲಿಲ್ಲ. ಆರು ವಾರದ ತಿದ್ದುಪಡಿಗಳನ್ನೆಲ್ಲ ವಾಪಸ್ ತೆಗೆದು, ಅಕ್ಟೋಬರಿನಲ್ಲಿ ನಿಂತಿದ್ದಂತೆ ನಿಲ್ಲು ಎಂದರು. ಈ ಪರೀಕ್ಷೆಗೆ ತಗಲಿದ್ದು ಒಂದು ನೋಟ್‌ಬುಕ್, 80 ಪೆಲೆಟ್. ಅದು ಪಿಸ್ತೂಲ್ ತಂದ ದಿನವೇ ಆಗಬಹುದಿತ್ತು.

ವೈಸಿನಲ್ಲಿ ಕಂಡದ್ದು

ಮುಂದಿನ ವಾರ ಪಿಸ್ತೂಲನ್ನು ವೈಸಿಗೆ, ಅಂದರೆ ಮೇಜಿನ ಮೇಲಿನ ಬಿಗಿ ಹಿಡಿಕೆಗೆ, ಕಟ್ಟಿ 10 ಮೀಟರಿನಲ್ಲಿ ಪರೀಕ್ಷಿಸಿದರು. ನಳಿಗೆಯನ್ನು ಬಿಗಿಯಬಾರದು, ಬಾಗುತ್ತದೆ. ಗ್ರಿಪ್ಪನ್ನೂ ಹಿಡಿಯಬಾರದು, ಕಟ್ಟಿಗೆ ಅದುಮಿಕೊಂಡು ಜಾರುತ್ತದೆ. ಗ್ರಿಪ್ ತೆಗೆದು, ಫ್ರೇಮಿಗೆ ತೊಗಲು ಕೊಟ್ಟು ಬಿಗಿಯಬೇಕು. ಮೊದಲ ಐದು ಏಟು ಲೆಕ್ಕಕ್ಕಿಲ್ಲ, ಆಮೇಲೆ ಐದೈದು ಏಟಿನ ಐದು ಗ್ರೂಪ್ (ಗುಂಪು).

ಕ್ಲಬ್ಬಿನ ಹಳೆಯ ಪಿಸ್ತೂಲಿನ ಐದು ತೂತುಗಳು ಹೊರ ಅಂಚಿನಿಂದ ಹೊರ ಅಂಚಿಗೆ 7ರಿಂದ 8 ಮಿ.ಮೀ. ಒಳಗೆ ಬಂದವು. ಪೆಲೆಟ್ಟೇ 4.5 ಮಿ.ಮೀ. ಇರುವುದರಿಂದ ಇದು ಹೆಚ್ಚುಕಡಿಮೆ ಒಂದೇ ತೂತು. ಕಾಪಿಯದು 19ರಿಂದ 22 ಮಿ.ಮೀ.

ಈ ಅಂಕಿಯ ಅರ್ಥ ಗೊತ್ತಾಗಬೇಕಾದರೆ ಗುರಿಹಲಗೆಯ ಅಳತೆ ಬೇಕು. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಒಂಬತ್ತರದು 27.5, ಅಲ್ಲಿಂದಾಚೆಗೂ ಒಂದೊಂದು ವೃತ್ತಕ್ಕೆ 16 ಹೆಚ್ಚು, ಏಳರದು 59.5. ಪೆಲೆಟ್ಟಿನ ಅಂಚು ಹತ್ತರ ಗೆರೆಗೆ ತಾಕಿದರೂ ಹತ್ತೇ. ಅಂದರೆ ತೂತಿನ ನಡು ಗುರಿಯ ನಡುವಿನಿಂದ 8 ಮಿ.ಮೀ.ವರೆಗೆ ಸರಿದರೂ ನಡೆಯುತ್ತದೆ. ಕಾಪಿಯ 20 ಮಿ.ಮೀ. ಗ್ರೂಪಿನಲ್ಲಿ ತೂತಿನ ನಡುಗಳೇ 15.5 ಮಿ.ಮೀ. ಅಂತರಕ್ಕೆ ಹರಡಿರುತ್ತವೆ, ಮಧ್ಯದಿಂದ ಪಕ್ಕಕ್ಕೆ ಸುಮಾರು 7.75. ಇದ್ದ 8 ಮಿ.ಮೀ. ಸಲಿಗೆಯನ್ನೆಲ್ಲ ಪಿಸ್ತೂಲೇ ತಿಂದು ಮುಗಿಸಿತ್ತು, ಹುಡುಗಿಯ ಕೈಗೆ ಉಳಿದದ್ದು ಕಾಲು ಮಿಲಿಮೀಟರ್. ವೈಸಿನಷ್ಟು ಸ್ಥಿರವಾಗಿ ಹಿಡಿದರೂ ಹತ್ತಕ್ಕೆ ಖಾತ್ರಿಯಿರಲಿಲ್ಲ.

ಗ್ರೂಪು ಮೇಲೆ-ಕೆಳಗೆ ಉದ್ದವಾಗಿತ್ತು. ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟಾಗ ಕಾರಣ ಸಿಕ್ಕಿತು. 200 ಬಾರ್ ತುಂಬಿದಾಗ ಮೊದಲ ಏಟು ಸೆಕೆಂಡಿಗೆ 122 ಮೀಟರ್, 30ನೇ ಏಟಿನ ಹೊತ್ತಿಗೆ 141, 65ಕ್ಕೆ ಮತ್ತೆ 119. ರೆಗ್ಯುಲೇಟರ್ ಇಲ್ಲದ ಗಾಳಿ ಬಂದೂಕಿನ ಗುರುತೇ ಇದು. ಒತ್ತಡ ಅತಿಯಾದಾಗ ವಾಲ್ವ್ ಪೂರಾ ತೆರೆಯುವುದಿಲ್ಲ, ಕಡಿಮೆಯಾದಾಗ ದೂಡುವ ಬಲ ಸಾಲದು, ನಡುವೆ ಒಂದು ದಿಬ್ಬ. ಅಸಲಿಯಲ್ಲಿ ಸಿಲಿಂಡರಿನ ಒತ್ತಡವನ್ನು ಇಳಿಸಿ, ಪ್ರತಿ ಏಟಿಗೂ ಒಂದೇ ಅಳತೆಯ ಗಾಳಿ ಕೊಡುವ ರೆಗ್ಯುಲೇಟರ್ ಇರುತ್ತದೆ. ಕಾಪಿಯಲ್ಲಿ ಅದು ಕೂರಬೇಕಾದ ಜಾಗ ಹೊರಗಿನಿಂದ ಹಾಗೇ ಇತ್ತು, ಒಳಗೆ ಬರೀ ಒಂದು ಉಂಗುರ.

ವೇಗದ ಈ ಏರಿಳಿತ ಗುರಿಹಲಗೆಯ ಮೇಲೆ ಎಷ್ಟು? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 141ರ ವೇಗದಲ್ಲಿ 10 ಮೀಟರಿಗೆ ಪೆಲೆಟ್ ಸುಮಾರು 25 ಮಿ.ಮೀ. ಬೀಳುತ್ತದೆ, 119ರಲ್ಲಿ ಸುಮಾರು 35. ನಡುವಿನ 10 ಮಿ.ಮೀ. ಎಂದರೆ ಒಂದು ರಿಂಗಿಗೂ (ಒಂದು ಪಕ್ಕಕ್ಕೆ 8 ಮಿ.ಮೀ.) ಹೆಚ್ಚು. ಹುಡುಗಿ 20ನೇ ಏಟಿಗೆ ಸೈಟ್ ತಿರುಗಿಸಿ ಸರಿಮಾಡಿಕೊಂಡರೆ 50ನೇ ಏಟಿಗೆ ಅದೇ ತಪ್ಪಾಗುತ್ತಿತ್ತು.

ದುರಸ್ತಿಯ ಎರಡು ತಿಂಗಳು

ರೋಗ ಗೊತ್ತಾದ ಮೇಲೆ ತಂದೆಗೆ ಹುರುಪು ಬಂತು. ಮಾಡಿದ್ದರಲ್ಲಿ ಕೆಲವು ಫಲವನ್ನೂ ಕೊಟ್ಟವು. ಗಾಳಿಯನ್ನು 160 ಬಾರ್‌ಗೆ ತುಂಬಿ 120ಕ್ಕೆ ನಿಲ್ಲಿಸಿದರೆ ದಿಬ್ಬದ ನೆತ್ತಿಯಲ್ಲಿ 25 ಏಟು ಸಿಗುತ್ತಿದ್ದವು, ವೇಗದ ವ್ಯತ್ಯಾಸ 5 ಮೀಟರಿಗೆ ಇಳಿಯಿತು. ಅಭ್ಯಾಸಕ್ಕೆ ಸರಿ. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಏಟು, ಅದಕ್ಕೂ ಮುಂಚೆ ಸೈಟರ್‌ಗಳು, ಅಂದರೆ ಲೆಕ್ಕಕ್ಕಿಲ್ಲದ ಏಟುಗಳು. ಅಂದರೆ ನಡುವೆ ಎರಡು ಮೂರು ಸಲ ಪಂಪು ಹೊಡೆಯಬೇಕು. ಪಂಪು ಹೊಡೆದ ತೋಳಿನಲ್ಲಿ ಮರುಕ್ಷಣ ಪಿಸ್ತೂಲ್ ಹಿಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಪೆಲೆಟ್ ಬದಲಿಸಿ ನೋಡಿದರು: ತಲೆಯ ಅಳತೆ 4.48, 4.49, 4.50, ತೂಕ 0.45 ಮತ್ತು 0.53 ಗ್ರಾಂ, ಐದು ಡಬ್ಬಿ. ಒಂದರಲ್ಲಿ ಗ್ರೂಪ್ 18ಕ್ಕೆ ಬಂತು. ಆಮೇಲೆ ಪೆಲೆಟ್ಟೊಂದನ್ನು ಕಡ್ಡಿಯಿಂದ ನಳಿಗೆಯುದ್ದಕ್ಕೂ ಮೆಲ್ಲಗೆ ದೂಡಿ ನೋಡಿದಾಗ ನಡುವೆ ಬಿಗಿ, ಮೂತಿಯ ಹತ್ತಿರ ಸಡಿಲ. ಒಳ್ಳೆಯ ನಳಿಗೆ ಉದ್ದಕ್ಕೂ ಸಮ ಇರುತ್ತದೆ, ಅಥವಾ ಮೂತಿಯಲ್ಲಿ ಒಂದು ಎಳೆ ಬಿಗಿ. ಇದು ತಿರುವುಮುರುವು. ತಂದೆ ಭೋಸರಿಯ ಲೇಥ್‌ನಲ್ಲಿ ಮೂತಿಯ ಅಂಚನ್ನು ಹೊಸದಾಗಿ ಕತ್ತರಿಸಿ 15ಕ್ಕೆ ತಂದರು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನಳಿಗೆಯ ಒಳಮೈಯನ್ನು ಲೇಥ್ ಸರಿಮಾಡಲಾರದು.

ಸೋರಿಕೆ ಇನ್ನೊಂದು ಕಥೆ. ಸಾಬೂನು ನೀರು ಹಚ್ಚಿದಾಗ ಸಿಲಿಂಡರ್ ಕೂರುವಲ್ಲಿ ಗುಳ್ಳೆ ಎದ್ದವು. ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ, ಓ-ರಿಂಗ್, ಕೂರುವ ತೋಡು 0.2 ಮಿ.ಮೀ. ಅಗಲ ಹೆಚ್ಚು, ಅಂಗಡಿಯ ಓ-ರಿಂಗ್ ಒತ್ತಡಕ್ಕೆ ಹಿಂಡಿಕೊಂಡು ಹೊರಬರುತ್ತಿತ್ತು. ಅಸಲಿಯ ಬಿಡಿಭಾಗ ಇದಕ್ಕೆ ಕೂರುವುದಿಲ್ಲ, ಕಾಪಿಗೆ ಬಿಡಿಭಾಗ ಎಂಬುದೇ ಇಲ್ಲ. ಗಟ್ಟಿ ರಬ್ಬರಿನ, 90 ಶೋರ್ ಗಡಸುತನದ ರಿಂಗ್ ಹಾಕಿ ಹಿಂದೆ ತೆಳು ವಾಷರ್ ಕೊಟ್ಟ ಮೇಲೆ ನಿಂತಿತು. ತಂದೆಯ ಕೈಚಳಕಕ್ಕೆ ಮಿಸ್ತ್ರಿಯವರೂ ತಲೆದೂಗಿದ ಏಕೈಕ ಕೆಲಸ ಇದು.

ಉಳಿದದ್ದು ಟ್ರಿಗರ್. ಹೊಸದಿದ್ದಾಗ 530 ಗ್ರಾಂ ಇದ್ದದ್ದು, ಸುಮಾರು 900 ಏಟಿನ ಬಳಿಕ ಹತ್ತು ಸಲ ತೂಗಿದರೆ 465ರಿಂದ 610ರ ನಡುವೆ ಎಲ್ಲೆಂದರಲ್ಲಿ ಬರುತ್ತಿತ್ತು. ಟ್ರಿಗರ್ ಎಳೆದಾಗ ಸುತ್ತಿಗೆಯನ್ನು ಬಿಟ್ಟುಕೊಡುವ ಸಣ್ಣ ಕೊಕ್ಕೆ, ಸಿಯರ್, ಅರವನ್ನು ತಾಕಿಸಿದರೆ ಕಚ್ಚಿಕೊಳ್ಳುವಷ್ಟು ಮೆತ್ತಗಿತ್ತು. ಅಸಲಿಯಲ್ಲಿ ಅರ ಜಾರುತ್ತದೆ. ಮೆತ್ತಗಿನ ಉಕ್ಕಿನ ಅಂಚು ಏಟು ಏಟಿಗೂ ದುಂಡಗಾಗುತ್ತಿತ್ತು.

ತಂದೆ ಅದನ್ನು ಹೀಟ್ ಟ್ರೀಟ್‌ಮೆಂಟಿಗೆ ಕೊಟ್ಟು ಮೇಲ್ಮೈ ಗಟ್ಟಿ ಮಾಡಿಸಿದರು. ಬಿಸಿ ಮಾಡಿ ತಣಿಸಿದ ಭಾಗ ಮೊದಲಿನ ಅಳತೆಯಲ್ಲಿ ಉಳಿಯುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕಲ್ಲಿನ ಮೇಲೆ ಉಜ್ಜಿ ಅಂಚನ್ನು ಮತ್ತೆ ಚೂಪು ಮಾಡಿ ಕೂರಿಸಿದರು. ಎಷ್ಟು ಉಳಿಸಬೇಕು ಎಂಬುದಕ್ಕೆ ಮಾತ್ರ ನಕ್ಷೆ ಇರಲಿಲ್ಲ. ಕಾಪಿ ಮಾಡಿದವನ ಬಳಿಯೂ ಇದ್ದಿರಲಾರದು. ಎರಡು ಭಾಗಗಳು ಒಂದರ ಮೇಲೊಂದು ಹಿಡಿದಿರುವ ಅಂಚು ಕಿರಿದಾಯಿತು. ಟ್ರಿಗರ್ ಬೆಣ್ಣೆಯಂತಾಯಿತು. ಮೂರು ದಿನ ಎಲ್ಲರೂ ಖುಷಿಯಾಗಿದ್ದರು.

ನಾಲ್ಕನೇ ದಿನ ಪೆಲೆಟ್ ಇಟ್ಟು ಲಿವರ್ ಮುಚ್ಚಿದ್ದೇ ತಡ, ಟ್ರಿಗರ್ ಮುಟ್ಟದೆ ಏಟು ಹಾರಿತು. ಮೂತಿ ಗುರಿಯ ಕಡೆಗೇ ಇತ್ತು, ಪೆಲೆಟ್ ಎದುರಿನ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಲೋಡ್ ಮಾಡುವಾಗಲೂ ಮೂತಿ ಗುರಿಯ ಕಡೆಗೇ ಇರಬೇಕು ಎಂದು ಮೊದಲ ದಿನದಿಂದ ಗದರಿ ಗದರಿ ಕಲಿಸಿದ್ದು ಅಂದು ಕಾಪಾಡಿತು. ತಂದೆ ಪಿಸ್ತೂಲನ್ನು ತಾವೇ ಪೆಟ್ಟಿಗೆಗೆ ಹಾಕಿ, “ಸಾಕ್ರಿ” ಎಂದರು.

ಲೆಕ್ಕ

ಪಿಸ್ತೂಲ್ 32,000, ಕೈಪಂಪು 8,500, ಹೆಚ್ಚುವರಿ ಪೆಲೆಟ್ 6,000, ಲೇಥ್ ಮತ್ತು ಓ-ರಿಂಗ್ 1,800, ಸಿಯರ್ ಗಟ್ಟಿ ಮಾಡಿಸಿದ್ದು 1,500. ಒಟ್ಟು 49,800. ಇದರಲ್ಲಿ ಕೈಪಂಪು ಬಿಟ್ಟು ಯಾವುದಕ್ಕೂ ಮರುಮಾರಾಟದ ಬೆಲೆಯಿಲ್ಲ. ಮತ್ತೊಬ್ಬರ ಮಗುವಿನ ಕೈಗೆ ಆ ಕಾಪಿಯನ್ನು ಮಾರಲು ಮನಸ್ಸಾದರೂ ಹೇಗೆ ಬರಬೇಕು?

ಮೇ ತಿಂಗಳಲ್ಲಿ ಮಿಸ್ತ್ರಿ ಮೊದಲೇ ಹೇಳಿದ್ದ ಸಣ್ಣ ಗ್ರಿಪ್ ಬಂತು, ಕ್ಲಬ್ಬಿನ ಪಿಸ್ತೂಲಿಗೇ. ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಉಜ್ಜಿ, ಅಂಗೈ ಗುಳಿಗೆ ವುಡ್ ಪುಟ್ಟಿ ತುಂಬಿ ಹೊಂದಿಸಿದರು. ಅಂಕ ಕೂಡಲೇ ಮರಳಲಿಲ್ಲ, ಮೊದಲ ವಾರ 519. ಕಣ್ಣು ಪಿಳುಕಿಸುವ ಚಾಳಿ ಬಿಡಿಸಲು ಏಳು ವಾರ ಹಿಡಿಯಿತು. ಅದರಲ್ಲಿ ಅರ್ಧ ಹೊತ್ತು ಗುರಿಹಲಗೆಯೇ ಇಲ್ಲದೆ ಬಿಳಿ ಗೋಡೆಯ ಮುಂದೆ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಎಳೆಯುವುದು. ಜುಲೈಯ ಜಿಲ್ಲಾ ಸ್ಪರ್ಧೆಯಲ್ಲಿ 541 ಬಂತು. ಕಾಪಿಯ ನಿಜವಾದ ಬೆಲೆ 49,800 ಅಲ್ಲ. ನವೆಂಬರಿನಿಂದ ಜುಲೈವರೆಗೆ ಎಂಟು ತಿಂಗಳು ಕಳೆದು, ಹುಡುಗಿ ಹೊರಟ ಜಾಗಕ್ಕೇ ಬಂದು ನಿಂತಳು, ಅದು.

ಹಾಗಾದರೆ ನಕಲು ಎಂದರೆಲ್ಲ ಕೆಟ್ಟದ್ದೇ?

ಅಲ್ಲ, ಇಲ್ಲಿ ಅವಸರದ ತೀರ್ಮಾನ ಬೇಡ. ಪಿಸ್ತೂಲಿನ ಲೋಕದಲ್ಲಿ ನಕಲು ಹಳೆಯ, ಮರ್ಯಾದಸ್ಥ ವ್ಯವಹಾರವೂ ಹೌದು. ನಮ್ಮ ಸೇನೆ ಮತ್ತು ಪೊಲೀಸರ 9 ಎಂ.ಎಂ. ಪಿಸ್ತೂಲ್ 1ಎ, ಇಛಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದದ್ದು, ಮೂಲದಲ್ಲಿ ಬ್ರೌನಿಂಗ್ ಹೈ-ಪವರ್‌ನ ಕೆನಡಾ ಮಾದರಿ. ಚೆಕೊಸ್ಲೊವಾಕಿಯಾದ ಸಿ.ಝಡ್. 75 ಪಿಸ್ತೂಲನ್ನು ಅನುಸರಿಸಿ ಇಟಲಿ, ಟರ್ಕಿ, ಇಸ್ರೇಲ್‌ಗಳಲ್ಲಿ ತಯಾರಾದವು ತಮ್ಮದೇ ಹೆಸರು ಗಳಿಸಿವೆ. ಅಮೆರಿಕದ 1911 ಎಂಬ ಪಿಸ್ತೂಲನ್ನು ಇಂದು ಎಷ್ಟು ಕಂಪನಿಗಳು ಮಾಡುತ್ತವೆಂದು ಎಣಿಸುವುದೇ ಕಷ್ಟ. ಇವುಗಳ ಹಿಂದೆ ತಮ್ಮ ಹೆಸರನ್ನು ಮೈಮೇಲೆ ಒತ್ತಿ, ಬಿಡಿಭಾಗ ಮಾಡಿ, ಕೆಟ್ಟರೆ ಜವಾಬು ಕೊಡುವ ಕಾರ್ಖಾನೆಗಳಿವೆ. ‘ಫಸ್ಟ್ ಕಾಪಿ’ಯ ಹಿಂದೆ ಇರುವುದು ಒಂದು ಮೊಬೈಲ್ ನಂಬರ್.

ಅಸಲಿ ಕೆಡುವುದೇ ಇಲ್ಲವೆಂದೂ ಅಲ್ಲ. 2021ರ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಸ್ಪರ್ಧೆಯ ನಡುವೆಯೇ ಕೈಕೊಟ್ಟಿತು. ದುರಸ್ತಿಗೆ ಸಮಯ ಹೋಗಿ, 575 ಅಂಕಕ್ಕೆ ನಿಂತು, ಎರಡು ಅಂಕದಿಂದ ಫೈನಲ್ ತಪ್ಪಿತು. 2024ರ ಪ್ಯಾರಿಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಅವರಿಗೆ ಕಂಚು. ಅಸಲಿ ಕೆಟ್ಟಾಗ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಹಾಕಲು ಭಾಗ ಸಿಗುತ್ತದೆ. ಈ ಕಾಪಿ ಕೆಟ್ಟಿದ್ದನ್ನು ಮೂರು ತಿಂಗಳು ಒಂದು ಮಗು ತನ್ನ ತಪ್ಪೆಂದು ಹೊತ್ತುಕೊಂಡಿತ್ತು.

ಕೈಯಲ್ಲಿ 40-50 ಸಾವಿರವಷ್ಟೇ ಇದ್ದರೆ, ಸಿಲಿಂಡರ್ ಇರುವ ಕಾಪಿಗಿಂತ, ಲಿವರನ್ನು ಒಂದೇ ಸಲ ಎಳೆದು ಗಾಳಿ ಅದುಮುವ ಮಾದರಿಯನ್ನು ಗುರುತಿರುವ ತಯಾರಕರಿಂದ ಕೊಳ್ಳುವುದು ಮೇಲು. ರಷ್ಯಾದ ಬೈಕಾಲ್ ಐ.ಝಡ್.ಎಚ್. 46ಎಂ ಆ ಜಾತಿಯದು. ಪ್ರತಿ ಏಟಿಗೂ ಹೊಸದಾಗಿ ಅಷ್ಟೇ ಗಾಳಿ ಅದುಮುವುದರಿಂದ ವೇಗ ಸಮ ಬರುತ್ತದೆ, ಸಿಲಿಂಡರಿನ ಗೊಡವೆಯೇ ಇಲ್ಲ. ಪ್ರತಿ ಸಲ ಎಳೆಯಲು ತೋಳು ಗಟ್ಟಿ ಬೇಕು, 60 ಏಟಿಗೆ ಚಿಕ್ಕ ಮಕ್ಕಳು ದಣಿಯುತ್ತಾರೆ. ಇನ್ನು ಪೊಲೀಸ್ ಪಿಸ್ತೂಲಿನಂತೆಯೇ ಕಾಣುವ, ಉಕ್ಕಿನ ಗುಂಡು ಹಾರಿಸುವ ಸಿ.ಓ.2 ತದ್ರೂಪುಗಳಿಗೆ ಈ ಆಟದಲ್ಲಿ ಜಾಗವೇ ಇಲ್ಲ. ಉಕ್ಕಿನ ಗುಂಡು ಗಟ್ಟಿ ಮೈಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಅಂಥದ್ದನ್ನು ಬ್ಯಾಗಿನಲ್ಲಿಟ್ಟು ಲೋಕಲ್ ರೈಲಿನಲ್ಲಿ ಹೋದ ಹುಡುಗನಿಗೆ ಅದು ಆಟಿಕೆ ಎಂದು ಪೊಲೀಸರಿಗೆ ತಿಳಿಹೇಳುವ ಹೊತ್ತು ಸಿಗಬೇಕಲ್ಲ.

ಎರಡನೇ ಖರೀದಿ

ಆಗಸ್ಟ್‌ನಲ್ಲಿ ಕುಟುಂಬ 1,20,000ಕ್ಕೆ ಸೆಕೆಂಡ್‌ಹ್ಯಾಂಡ್ ಅಸಲಿ ಮ್ಯಾಚ್ ಪಿಸ್ತೂಲ್ ಕೊಂಡಿತು. ಈ ಸಲ ಹಣ ಕೊಡುವ ಮೊದಲು ಒಂದು ಇಡೀ ಭಾನುವಾರ ಪರೀಕ್ಷೆಗೆ ಹೋಯಿತು. ಮೊದಲು ಕಾಗದ: ಮೂಲ ರಸೀದಿಯಲ್ಲಿದ್ದ ಸೀರಿಯಲ್ ನಂಬರ್ ಫ್ರೇಮಿನ ಮೇಲಿನದಕ್ಕೆ ತಾಳೆಯಾಗಬೇಕು, ಮಾರುವವರ ಸಹಿಯ ವರ್ಗಾವಣೆ ಪತ್ರ ಬೇಕು. ಸಿಲಿಂಡರ್ ಎರಡಿದ್ದವು, ಒಂದಕ್ಕೆ ಇನ್ನೂ ನಾಲ್ಕು ವರ್ಷ ಆಯುಷ್ಯ, ಇನ್ನೊಂದಕ್ಕೆ ಮೂರೇ ತಿಂಗಳು. ಅದನ್ನು ಲೆಕ್ಕಕ್ಕೆ ಹಿಡಿಯದೆ ದರ ಇಳಿಸಿದರು. ಶನಿವಾರ ರಾತ್ರಿ ಗೇಜಿನ ಮುಳ್ಳಿನ ಫೋಟೋ ತೆಗೆದು, ಬೆಳಗ್ಗೆ ಅಲ್ಲಿಯೇ ಇದೆಯೇ ನೋಡಿದರು. ಕ್ರೋನೋಗ್ರಾಫಿನಲ್ಲಿ ಒಂದೇ ತುಂಬಿಗೆ 80 ಏಟು, ಮೊದಲನೆಯದಕ್ಕೂ ಕೊನೆಯದಕ್ಕೂ 3 ಮೀಟರಿನ ವ್ಯತ್ಯಾಸ. ಟ್ರಿಗರನ್ನು ಹತ್ತು ಸಲ ತೂಗಿದರೆ ಹತ್ತೂ 510ರಿಂದ 520ರ ಒಳಗೆ. ವೈಸಿನಲ್ಲಿ ಗ್ರೂಪ್ 8 ಮಿ.ಮೀ. ಕೊನೆಗೆ ಹುಡುಗಿಯ ಕೈಯಲ್ಲಿ 40 ಏಟು, ಕಾಲ್ ಪುಸ್ತಕದಲ್ಲಿ 33 ಟಿಕ್. ತಂದೆ ಮೊದಲು ಕೇಳಿದ್ದು ಆ 33ನ್ನು, ವೇಗದ ಅಂಕಿಯನ್ನು ಆಮೇಲೆ.

ಕಾಪಿಯ ಸಿಲಿಂಡರನ್ನು ಪೂರಾ ಖಾಲಿ ಮಾಡಿ, ಇನ್ನು ಯಾರೂ ಗಾಳಿ ತುಂಬದಂತೆ ತಂದೆಯೇ ಡ್ರಿಲ್ ಹಾಕಿ ತೂತು ಕೊರೆದರು. ಸಿಯರನ್ನು ಮಿಸ್ತ್ರಿ ಇಟ್ಟುಕೊಂಡಿದ್ದಾರೆ. ಹೊಸ ಪಾಲಕರು ಮೊಬೈಲಿನಲ್ಲಿ ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಲು ಬಂದಾಗ, ಅವರ ಕೈಗೆ ಅದನ್ನೂ ಒಂದು ಭೂತಕನ್ನಡಿಯನ್ನೂ ಕೊಡುತ್ತಾರೆ.